ಉಳಿದದ್ದು ಬಾತುಕೋಳಿ

ಸೋಮವಾರ ಬೆಳಗ್ಗೆ ಕಸೂತಿ ಕಾರ್ಖಾನೆಯ ಮಾಲೀಕ ಠಾಣೆಗೆ ಬಂದ. ಹೊಲಿಗೆ ಯಂತ್ರಗಳಿಗೆ ಕೊಡುವ ಹೂಬಳ್ಳಿಯ ಡಿಸೈನುಗಳೆಲ್ಲ ಕಂಪ್ಯೂಟರಿನಿಂದ ಮಾಯವಾಗಿದ್ದವು. ಅವನ್ನು ಕೊಳ್ಳಲು ದೊಡ್ಡ ಕಂಪನಿಯವರು ಅಂದು ಮಧ್ಯಾಹ್ನವೇ ಬರುವವರಿದ್ದರು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ನಮ್ಮ ಜಾಹೀರಾತು ಮಾಡ್ತಿದ್ದ ಡಿಸೈನರ್ ಸಾರ್, ಹೋದ ತಿಂಗಳು ಕೆಲಸ ಬಿಡಿಸಿದ್ದೆ. ಮ್ಯಾಕ್ ಕಂಪ್ಯೂಟರ್ ಹಿಡ್ಕೊಂಡು ಮೆರೀತಿದ್ದ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ತಮ್ಮ ಕಾನ್‌ಸ್ಟೆಬಲ್ ಜೊತೆ ಕಾರ್ಖಾನೆಗೆ ಹೋದರು. ಠಾಣೆಯ ಟೈಪಿಂಗೆಲ್ಲ ಇವನ ಬೆರಳಿಗೇ ಬೀಳುತ್ತಿದ್ದುದರಿಂದ ಎಲ್ಲರೂ ಇವನನ್ನು ಕೀಲಿಮಣೆ ಎಂದೇ ಕರೆಯುತ್ತಿದ್ದರು. ಡಿಸೈನುಗಳಿದ್ದ, ಮೂಲೆಯ ಲಿನಕ್ಸ್ ಕಂಪ್ಯೂಟರಿನ ಮುಂದೆ ಅವನು ಕೂತ.

"ಪಕ್ಕದ ವಿಂಡೋಸ್ ಕಂಪ್ಯೂಟರಲ್ಲಿ ಇನ್ನೊಂದು ಪ್ರತಿ ಇತ್ತು," ಎಂದ ಮಾಲೀಕ. "ಅದೂ ಹೋಗಿದೆ. ರೀಸೈಕಲ್ ಬಿನ್ನಲ್ಲೂ ಇಲ್ಲ."

"ಕಮಾಂಡ್ ಹೊಡೆದು ಅಳಿಸಿದ್ರೆ ಬಿನ್ನಿಗೆ ಹೋಗಲ್ಲ ಸ್ವಾಮಿ. ನೇರ ಕೈಲಾಸ," ಎಂದ ಕೀಲಿಮಣೆ.

ಲಿನಕ್ಸ್ ಯಂತ್ರ ತನಗೆ ಕೊಟ್ಟ ಆಜ್ಞೆಗಳನ್ನು ನೆನಪಿಟ್ಟುಕೊಂಡಿತ್ತು. ಕೀಲಿಮಣೆ ಅವನ್ನು ಓದಿ ತಲೆ ಕೆರೆದುಕೊಂಡ.

"ಸಾರ್, ಮೊದಲು ಡೆಲ್, ಡೆಲ್ ಅಂತ ಹೊಡೆದಿದ್ದಾರೆ. ಅದು ಅಳಿಸೋಕೆ ವಿಂಡೋಸಲ್ಲಿ ಹೇಳೋ ಮಾತು. ಇದಕ್ಕೆ ಅರ್ಥ ಆಗಲ್ಲ. ಇಲ್ಲಿ ಅಳಿಸೋಕೆ ಆರ್‌ಎಂ ಅನ್ಬೇಕು."

"ಮ್ಯಾಕಲ್ಲಿ?"

"ಅಲ್ಲೂ ಆರ್‌ಎಂ. ಆ ಡಿಸೈನರ್ ಆಗಿದ್ರೆ ಕಣ್ಮುಚ್ಚಿ ಹೊಡೀತಿದ್ದ. ಇವರು ಎಲ್ಲೋ ಓದ್ಕೊಂಡು ಬಂದು ಆಮೇಲೆ ಆರ್‌ಎಂ ಹೊಡೆದಿದ್ದಾರೆ. ಜೊತೆಗೆ ಒಂದು ಐ ಸೇರಿಸಿದ್ದಾರೆ. ಆಗ ಅದು ಪ್ರತಿ ಫೈಲಿಗೂ 'ಅಳಿಸಲಾ?' ಅಂತ ಕೇಳುತ್ತೆ. ಒಂದೇ ಏಟಿಗೆ ಮುಗಿಸಬಹುದಿತ್ತು. ಇವರು ಕೂತು ಒಂದೊಂದಕ್ಕೂ ಹೂಂ ಅಂದಿದ್ದಾರೆ. ಒಂದಕ್ಕೆ ಮಾತ್ರ ಉಹೂಂ."

ಆ ಒಂದನ್ನು ತೆರೆದ. ಬಾತುಕೋಳಿ. ಅದಕ್ಕೆ ಮೂರು ಕಾಲು.

"ಇದನ್ನ ಬಿಡಿಸಿದ್ದು ಯಾರು?"

ಮಾಲೀಕ ನಕ್ಕ. "ನಾನೇ ಸಾರ್. ಯಾವಾಗಲೋ ಆಟಕ್ಕೆ."

"ಉಳಿದವು?"

ನಗು ನಿಂತಿತು. "ಅಕ್ಕ."

ಅಕ್ಕ ಪಕ್ಕದ ಕೋಣೆಯಲ್ಲಿ ನೂಲಿನ ಉಂಡೆಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದರು. ಇನ್‌ಸ್ಪೆಕ್ಟರ್ ಸ್ಟೂಲ್ ಎಳೆದುಕೊಂಡರು.

"ಡೆಲ್ ಅಂತ ಹೊಡೆಯೋದು ಯಾವಾಗ ಕಲಿತ್ರಮ್ಮ?"

"ಮೌಸೇ ಇಲ್ಲದ ಕಾಲದಲ್ಲಿ." ಅವರು ಕೈಯಲ್ಲಿದ್ದ ಉಂಡೆ ಕೆಳಗಿಟ್ಟರು. "ಆ ಮೂಲೆ ಕಂಪ್ಯೂಟರ್ ನನ್ನ ಮಾತೇ ಕೇಳಲಿಲ್ಲ ನೋಡಿ."

"ಬಾತುಕೋಳಿ ಯಾಕೆ ಬಿಟ್ರಿ?"

"ಅದು ಅವನದು. ಅವನದನ್ನ ಮುಟ್ಟೋಕೆ ನಾನ್ಯಾರು?"

ತಮ್ಮನಾದ ಮಾಲೀಕ ಬಾಗಿಲಲ್ಲಿ ನಿಂತಿದ್ದ. "ಅಕ್ಕಾ, ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲೋ. ನೀನು ಫೋನಲ್ಲಿದ್ದೆ."

"ಸಾರ್, ಕಂಪ್ಲೇಂಟ್ ವಾಪಸ್ ತಗೋತೀನಿ."

"ಅದನ್ನ ಕೋರ್ಟಲ್ಲಿ ಹೇಳಿ," ಎಂದರು ಇನ್‌ಸ್ಪೆಕ್ಟರ್.

ಮಧ್ಯಾಹ್ನ ಬಂಧನವಾಯಿತು. ಹೇಳಿಕೆಯಲ್ಲಿ ಅಕ್ಕ ಹೆಚ್ಚೇನೂ ಹೇಳಲಿಲ್ಲ. ಹಿಂದಿನ ವಾರ ಕಂಪನಿಯವರು ಬಂದಿದ್ದಾಗ ಅಕ್ಕ ಅವರ ಮುಂದೆ ನೀರಿನ ಲೋಟ ಇಡುತ್ತಿದ್ದರು. ಮಾಲೀಕ ಕಂಪ್ಯೂಟರ್ ಪರದೆ ತೋರಿಸಿ, "ಇಷ್ಟೂ ನನ್ನ ಕೈಯಲ್ಲೇ ಆದದ್ದು," ಎಂದಿದ್ದ. ಅಷ್ಟೇ.

ಅಕ್ಕನನ್ನು ಜೀಪಿನಲ್ಲಿ ಕೂರಿಸಿ ಬಂದ ಕೀಲಿಮಣೆ ಪಂಚನಾಮೆಯನ್ನು ಮುಂದುವರಿಸಿದ.

"ಅಳಿಸಿಹೋದ ಡಿಸೈನುಗಳನ್ನ ಮಾಡಿದ್ದು ಯಾರು ಅಂತ ಬರೀಲಿ ಸ್ವಾಮಿ?"

ಮಾಲೀಕ ಕಿಟಕಿಯಿಂದ ಜೀಪಿನ ಕಡೆ ನೋಡಿದ. ಕಂಪನಿಯವರ ಕಾರು ಅದರ ಹಿಂದೆಯೇ ಬಂದು ನಿಲ್ಲುತ್ತಿತ್ತು.

"ಅಕ್ಕ ಅಂತ ಬರ್ಕೊಳ್ಳಿ," ಎಂದ.