ಇಂಗ್ಲಿಷ್ ಕಲಿತು ಕೆಟ್ಟೆ

ನಾನು ಗ್ಯಾರೇಜ್ ಮೆಕ್ಯಾನಿಕ್ಕು. ಕಣ್ಮುಚ್ಚಿ ಗಾಡಿ ಬಿಚ್ಚಿ, ನೀವು ಒಂದ್ಸಲ ಕೆಮ್ಮೋದ್ರೊಳಗೆ ಜೋಡಿಸಿಬಿಡ್ತೀನಿ. ಇಂಗ್ಲಿಷ್ ಮಾತ್ರ ನನ್ನ ಬಾಯಿಂದ ಕೈಕಾಲು ಮುರ್ಕೊಂಡೇ ಹೊರಗೆ ಬೀಳೋದು.

ಎದುರುಗಡೆ ಸ್ಪೇರ್ ಪಾರ್ಟ್ಸ್ ಅಂಗಡಿ. ಕೌಂಟರಲ್ಲಿ ಓನರ್ ಮಗಳು. ಮೊದಲನೇ ದಿನ ಹೋಗಿ, "ಮೇಡಮ್, ಒಂದು ಜೊತೆ ಶಾಕಪ್ಸರ್, ಒಂದು ಕಾರ್ಪೇಟರ್" ಅಂದೆ.

ಪೆನ್ನು ಕಚ್ಕೊಂಡು ನನ್ನೇ ನೋಡಿದ್ಳು. ಕಣ್ಣಂಚಲ್ಲಿ ನಗು ತುಳುಕ್ತಿತ್ತು, ತುಟಿ ಮಾತ್ರ ಗಪ್‌ಚುಪ್. "ಇಂಡಿಗೇಟರ್ ಬೇಡ್ವಾ?" ಅಂದ್ಳು. ಅದೂ ನನ್ನ ಥರಾನೇ!

ಆವತ್ತಿಂದ ಬೇಡದಿದ್ರೂ ನಟ್ಟು ಬೋಲ್ಟು ತರೋಕೆ ಹೋಗ್ತಿದ್ದೆ. ಬಿಲ್ ಚೀಟೀಲೂ "ಶಾಕಪ್ಸರ್" ಅಂತ ನನ್ನ ಮಾತೇ ಬರೀತಿದ್ಳು. ಅವಳ ಹುಟ್ಟಿದಬ್ಬಕ್ಕೆ "ಹ್ಯಾಪಿ ರಿಟನ್ ಹಾಫ್ ಡೇ" ಅಂದಿದ್ದಕ್ಕೆ, ನಿಜವಾಗ್ಲೂ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿಸಿದ್ಳು. ನಾನು ಬುರುಡೆ ಬಿಡೋದು, ಅವಳು ಕೆನ್ನೆಗೆ ಕೈ ಕೊಟ್ಟು ಕೇಳೋದು. ಎರಡು ವರ್ಷ ಹಿಂಗೇ.

ಆಮೇಲೆ ಅವಳನ್ನ ನೋಡೋಕೆ ಒಬ್ಬ ಇಂಜಿನಿಯರ್ ಬಂದು ಹೋದ ಅಂತ ಗೊತ್ತಾಯ್ತು. ಹೆಣ್ಣು ಕೇಳ್ಬೇಕಂದ್ರೆ ಮೊದಲು ನಾಲಿಗೆ ರಿಪೇರಿ ಆಗ್ಬೇಕಲ್ಲ? ನಮ್ಮ ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಬೋಳು ತಲೆ, ಬಾಯಲ್ಲಿ ಮೂರೇ ಹಲ್ಲು. ಒಂದು ತಿಂಗಳು ಅವರ ಹತ್ರ ಕಿವಿ ಹಿಂಡಿಸ್ಕೊಂಡು ಕಲಿತೆ.

"ಶಾಕ್ ಅಬ್ಸಾರ್ಬರ್, ಪ್ಲೀಸ್" ಅಂದೆ, ಕೌಂಟರ್ ಮುಂದೆ ಎದೆ ಉಬ್ಬಿಸಿ.

ಅವಳ ಪೆನ್ನು ನಿಂತೋಯ್ತು. "ಯಾರು ಕಲಿಸಿದ್ದು?"

ನನ್ನ ಬಾಯಿಚಪಲಕ್ಕಿಷ್ಟು! "ಒಬ್ರು ಟೀಚರಮ್ಮ. ಒಳ್ಳೆ ಗೊಂಬೆ ಇದ್ದಂಗಿದ್ದಾರೆ, ಕೈ ಹಿಡ್ದು ಕಲಿಸ್ತಾರೆ" ಅಂದುಬಿಟ್ಟೆ. ಹೊಟ್ಟೆ ಉರ್ಕೊಂಡು ನಾಲ್ಕು ಬೈಲಿ ಅಂತ ಆಸೆ.

ಬೈಲಿಲ್ಲ. "ಒಳ್ಳೇದಾಯ್ತು" ಅಂತ ಚೀಟಿ ಬರೆದ್ಳು. ಇಂಗ್ಲಿಷಲ್ಲಿ.

ಮೂರು ದಿನ ಬಿಟ್ಟು ಹೋದ್ರೆ ಅವಳ ಬೆರಳಲ್ಲಿ ಉಂಗುರ.

"ಇಂಜಿನಿಯರಿಗೆ ಹೂಂ ಅಂದೆ. ನೀವು ಕೇಳ್ತೀರ ಅಂತ ಕಾದಿದ್ದೆ ಕಣ್ರೀ, ಇಷ್ಟು ದಿನ."

"ಅಯ್ಯೋ, ಟೀಚರೂ ಇಲ್ಲ, ಮಣ್ಣೂ ಇಲ್ಲ! ಅದು ನಮ್ಮ ದೊಡ್ಡಪ್ಪ! ಕಲಿತಿದ್ದೇ ನಿಮ್ಮನ್ನ ಕೇಳೋಕೆ!"

ಕಣ್ಣು ಒರೆಸ್ಕೊಂಡು ನಕ್ಕಳು. "ನೀವು ಬಿಟ್ಟ ಬುರುಡೇಲೆಲ್ಲ ಇದೇ ಚೆನ್ನಾಗಿದೆ ಬಿಡಿ."

"ಬುರುಡೆ ಅಲ್ಲಾರೀ! ಬೇಕಾದ್ರೆ ಆ ಬೋಳುತಲೇನೇ ಕರ್ಕೊಂಡು ಬಂದು ನಿಲ್ಲಿಸ್ತೀನಿ, ಈಗ್ಲೇ!"

"ಬೇಡ" ಅಂದ್ಳು, ಉಂಗುರ ತಿರುಗಿಸ್ತಾ. "ಮನೇಲಿ ಎಲ್ಲ ಮಾತಾಗಿದೆ. ಈಗ ಇದು ನಿಜ ಅಂತ ಗೊತ್ತಾದ್ರೆ ನಾನು ಆ ಮನೆಗೆ ಹೆಂಗೆ ಹೋಗ್ಲಿ, ಹೇಳಿ?"

ನಾನು ದೊಡ್ಡಪ್ಪನ್ನ ಕರ್ಕೊಂಡು ಹೋಗ್ಲಿಲ್ಲ.