ತಾತನ ಪೈಪು, ರಾಜನ ನಿಲುವಂಗಿ

ಹಲ್ಲು ಕೀಳಿಸಿಕೊಂಡವರು ಮರುದಿನ ಬೆಳಗ್ಗೆಯೇ ಮತ್ತೆ ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತುವುದು ಅಪರೂಪ. ಟ್ರಂಕು ಹೊತ್ತುಕೊಂಡು ಹತ್ತುವುದಂತೂ ಇಲ್ಲವೇ ಇಲ್ಲ. ಆದ್ದರಿಂದ ಕೆಳಗಿನ ಮನೆಯ ತಾತ ಟ್ರಂಕಿನ ಸಮೇತ ಮಹಡಿಗೆ ಬಂದು ಬೆಂಚಿನ ಮೇಲೆ ಕೂತಾಗ, ಇದು ಹಲ್ಲುನೋವಲ್ಲ, ಬೇರೆ ಯಾವುದೋ ನೋವು ಎಂದು ಕಾಂಪೌಂಡರನಿಗೆ ಅನಿಸಿತು.

ಕಾಂಪೌಂಡರ್ ಎಂದರೆ ನಿಜವಾದ ಕಾಂಪೌಂಡರ್ ಏನಲ್ಲ, ಹಲ್ಲಿನ ಡಾಕ್ಟರಮ್ಮನ ತಮ್ಮ. ಅಕ್ಕನ ಕೈಗೆ ಇಕ್ಕಳ ಕೊಡುವುದು, ಹೆದರಿದ ಮಕ್ಕಳನ್ನು ನಗಿಸುವುದು, ಅಕ್ಕ ಪತ್ತೆ ಹಚ್ಚಿದ ಪ್ರಕರಣಗಳನ್ನು ಬೀದಿಯ ತುಂಬ ಹೇಳಿಕೊಂಡು ತಿರುಗುವುದು ಅವನ ಕೆಲಸ. ಕೊನೆಯದಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ. ಆದರೆ ಹೇಳಲು ಪ್ರಕರಣಗಳಿಗೇನೂ ಕೊರತೆಯಿರಲಿಲ್ಲ. ಆ ಬೀದಿಯಲ್ಲಿ ಏನೇ ಕಳೆಯಲಿ, ಏನೇ ಕೆಡಲಿ, ಜನ ಮೊದಲು ಬರುತ್ತಿದ್ದುದು ಡಾಕ್ಟರಮ್ಮನ ಬಳಿಗೆ.

"ತಾಯಿ, ಹಲ್ಲು ಕಿತ್ತ ಜಾಗ ಬೇರೆ ಊರಲ್ಲಿ ಯಾರಿಗಾದ್ರೂ ತೋರಿಸ್ಬಹುದಾ?" ಎಂದು ತಾತ ಕೇಳಿದ. "ಮಧ್ಯಾಹ್ನದ ಬಸ್ಸಿಗೆ ತಂಗಿ ಮನೆಗೆ ಹೊರಟಿದ್ದೀನಿ."

"ಎಷ್ಟು ದಿನಕ್ಕೆ?"

"ಇನ್ನು ಮೇಲೆ ಅಲ್ಲೇ."

ಡಾಕ್ಟರಮ್ಮ ಕೈ ಒರೆಸಿಕೊಂಡು ಅವನ ಎದುರು ಸ್ಟೂಲು ಎಳೆದುಕೊಂಡಳು. ಹಲ್ಲು ಕೀಳುವುದಕ್ಕಿಂತ ಮಾತು ಕೀಳುವುದಕ್ಕೇ ಅವಳಿಗೆ ಹೆಚ್ಚು ತಾಳ್ಮೆ. ಸ್ವಲ್ಪ ಹೊತ್ತಿನಲ್ಲಿ ವಿಷಯ ಹೊರಗೆ ಬಂತು.

ತಾತ ಒಂದು ಕಾಲದಲ್ಲಿ ಹಡಗಿನ ಅಡುಗೆಯವನು. ಕಡಲು ಬಿಟ್ಟ ಮೇಲೆ ಮಗನ ಮನೆ ಸೇರಿದ್ದ. ಮಗ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಸೊಸೆ ನಾಟಕದವರಿಗೆ ಬಟ್ಟೆ ಹೊಲಿಯುವ ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ತಾತ ಅದರ ಕಿಟಕಿಯ ಪಕ್ಕ ಕೂತು ಗುಂಡಿ ಹೊಲಿದುಕೊಡುತ್ತಿದ್ದ, ಸಂಜೆ ಅಲ್ಲೇ ಒಂದು ಪೈಪು ಸೇದುತ್ತಿದ್ದ. ಇವತ್ತು ಸಂಜೆ ಹೊಸ ನಾಟಕದ ಮೊದಲ ಆಟ. ರಾಜನಿಗಾಗಿ ಹೊಲಿದ ಮಖಮಲ್ಲಿನ ನಿಲುವಂಗಿಯ ಕೆಳ ಅಂಚಿನಲ್ಲಿ ಬೆಳಗ್ಗೆ ನೋಡಿದರೆ ಸುಟ್ಟ ತೂತು. ತೂತಿನ ಮೇಲೆಯೇ ತಾತನ ಪೈಪು ಬಿದ್ದಿತ್ತು.

"ಸೊಸೆ ಏನಂದ್ಲು?"

"ಈ ಅಂಗಡೀಲಿ ಒಂದೋ ನಾನಿರ್ಬೇಕು, ಇಲ್ಲ ನಿಮ್ಮ ಪೈಪು ಇರ್ಬೇಕು ಅಂದ್ಲು. ಅವಳದ್ದೇನೂ ತಪ್ಪಿಲ್ಲ. ನಾನೇ ಎಲ್ಲೋ ಮರೆತು ಇಟ್ಟಿರ್ಬೇಕು. ವಯಸ್ಸಾಯ್ತು."

ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ಅವನ ಬಾಯೊಳಗೆ ಇಣುಕಿದಳು. "ನಿನ್ನೆ ನಾನು ಏನು ಹೇಳಿದ್ದೆ?"

"ಗಾಯ ಮಾಯೋವರೆಗೂ ಪೈಪು ಮುಟ್ಟಬೇಡಿ, ಎಳೆದ್ರೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತೆ ಅಂತ."

"ಹೆಪ್ಪು ಅಲ್ಲಾಡಿಲ್ಲ. ಹೇಳಿದ ಮಾತು ಕೇಳಿದ್ದೀರಿ." ಅವಳು ಕನ್ನಡಿ ಕೆಳಗಿಟ್ಟಳು. "ತಾತ, ನೀವು ಪೈಪು ತುಂಬೋದು ಹೇಗೆ? ನನಗೆ ಅದರ ಗಂಧಗಾಳಿ ಇಲ್ಲ."

ತಾತನ ಮುಖ ಮೊದಲ ಸಲ ಅರಳಿತು. "ನನ್ನದು ಒತ್ತಿದ ವರ್ಜೀನಿಯಾ ಹೊಗೆಸೊಪ್ಪು ತಾಯಿ. ಸೋಪಿನ ತುಂಡಿನ ಹಾಗೆ ಗಟ್ಟಿ ಅಚ್ಚು. ಹಾಗೇ ತುರುಕಿದ್ರೆ ಹತ್ತಲ್ಲ, ಒಳಗೆ ತೇವ ಇರುತ್ತೆ. ಬೆಳಗ್ಗೆ ತೆಳ್ಳಗೆ ಹೆಚ್ಚಿ ಬಸಿಯಲ್ಲಿ ಹರಡಿ ಕಿಟಕೀಲಿಡ್ತೀನಿ. ಸಂಜೆಗೆ ಒಣಗುತ್ತೆ. ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿ ಹಗುರಾಗಿ ತುಂಬಬೇಕು. ಒಂದು ಕಡ್ಡಿ ಗೀರಿದ್ರೆ ಮೇಲಿನದು ಉಬ್ಬುತ್ತೆ, ಮೆಲ್ಲಗೆ ಒತ್ತಿ ಇನ್ನೊಂದು ಗೀರಿದ್ರೆ ಆಯ್ತು. ಆಮೇಲೆ ಉಸಿರಾಡಿದ ಹಾಗೆ ಎಳೀಬೇಕು. ಈ ಸೊಪ್ಪಲ್ಲಿ ಸಿಹಿ ಜಾಸ್ತಿ, ಅವಸರ ಮಾಡಿದವನ ನಾಲಿಗೆ ಸುಟ್ಟುಬಿಡುತ್ತೆ. ಹಡಗಲ್ಲಿ ಹೊಸಬರು ಎರಡು ದಿನ ಗಂಜಿ ಕೂಡ ಆರಿಸಿ ಕುಡೀತಿದ್ರು."

"ಹಾಗಾದ್ರೆ ನಿಲುವಂಗಿ ಸುಟ್ಟೋರು ಯಾರು?"

ತಾತನ ಮುಖ ಮತ್ತೆ ಮುಚ್ಚಿಕೊಂಡಿತು. "ನಾನೇ ಅಂದ್ನಲ್ಲಮ್ಮ. ಬಿಟ್ಟುಬಿಡು."

ಕಾಂಪೌಂಡರನಿಗೆ ಆಶ್ಚರ್ಯವಾಯಿತು. ತಪ್ಪು ಮಾಡಿದವರು ಮಾಡಿಲ್ಲ ಎನ್ನುವುದನ್ನು ಅವನು ಬೇಕಾದಷ್ಟು ಕಂಡಿದ್ದ. ಮಾಡದವನು ಮಾಡಿದ್ದೇನೆಂದು ಹಟ ಹಿಡಿಯುವುದು ಅವನಿಗೆ ಹೊಸದು. ಅಕ್ಕನ ಜೊತೆ ಮೆಟ್ಟಿಲಿಳಿಯುವಾಗ, ಈ ಮನುಷ್ಯ ಬಸ್ಸು ಹತ್ತಬಾರದು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಅಂಗಡಿಯಲ್ಲಿ ಟೈಲರಮ್ಮ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ನಿಲುವಂಗಿಯ ಮುಂದೆ ನಿಂತಿದ್ದಳು. ಇಸ್ತ್ರಿ ಅಣ್ಣ ಎಂದು ಎಲ್ಲರೂ ಕರೆಯುವ ಕೆಲಸಗಾರ ಮೂಲೆಯಲ್ಲಿ ಸೈನಿಕರ ಅಂಗಿಗಳನ್ನು ಮಡಿಸುತ್ತಿದ್ದ. ರಾಜನ ಪಾರ್ಟು ಮಾಡುವ, ಬೀದಿಯಲ್ಲೂ ಮಹಾರಾಜ ಎಂದೇ ಕರೆಸಿಕೊಳ್ಳುವ ನಟ ಅತ್ತಿಂದಿತ್ತ ಓಡಾಡುತ್ತಿದ್ದ. ಮೇಷ್ಟ್ರು ಚಹಾದ ಕಪ್ಪು ಹಿಡಿದುಕೊಂಡು ಊದುತ್ತಾ ಕೂತಿದ್ದರು.

ಡಾಕ್ಟರಮ್ಮ ಮೊದಲು ಕಿಟಕಿಯ ಹತ್ತಿರ ಹೋದಳು. ಬಸಿಯ ತುಂಬ ತೆಳ್ಳಗೆ ಹೆಚ್ಚಿದ ಹೊಗೆಸೊಪ್ಪು ಒಣಗಿ ಸುರುಟಿಕೊಂಡಿತ್ತು. ಪಕ್ಕದ ಡಬ್ಬಿಯಲ್ಲಿದ್ದ ಅಚ್ಚಿನ ಒಂದು ಮೂಲೆಯನ್ನು ಯಾರೋ ಕತ್ತರಿಯಿಂದ ಕಚಕಚನೆ ಕಿತ್ತಿದ್ದರು. ಅವಳು ಜೇಬಿನಿಂದ ಹಲ್ಲು ಕೆದಕುವ ಕೊಕ್ಕೆ ತೆಗೆದು ಅಲ್ಲೇ ಇದ್ದ ಪೈಪಿನ ಬಾಯಿಗೆ ಹಾಕಿದಳು. ಕಾಂಪೌಂಡರ್ ಅಂಗೈ ಒಡ್ಡಿದ. ಮೇಲೆ ಒಂದು ಪದರ ಕರಿ, ಅದರ ಕೆಳಗೆ ಅಂಟಂಟಾದ ಹಸಿ ಗಡ್ಡೆ. ಕಸದ ಬುಟ್ಟಿಯಲ್ಲಿ ದಾರದ ತುಂಡುಗಳ ನಡುವೆ ಉರಿದ ಬೆಂಕಿಕಡ್ಡಿಗಳ ರಾಶಿಯೇ ಇತ್ತು.

ಆಮೇಲೆ ಅವಳು ನಿಲುವಂಗಿಯನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ತೂತಿನ ಸುತ್ತ ಮಖಮಲ್ಲಿನ ನವಿರಾದ ಎಳೆಗಳು ಮಲಗಿಕೊಂಡು ಮಿರಮಿರನೆ ಹೊಳೆಯುತ್ತಿದ್ದವು. ಆ ಹೊಳಪು ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು.

"ಅಣ್ಣ, ಇದಕ್ಕೆ ಇಸ್ತ್ರಿ ಆಗಿತ್ತಾ?"

"ಇಲ್ಲಮ್ಮ. ನಿನ್ನೆ ಬೇಗ ಮನೆಗೆ ಹೋದೆ, ಇವತ್ತು ಮಾಡೋಣ ಅಂತಿದ್ದೆ" ಎಂದ ಇಸ್ತ್ರಿ ಅಣ್ಣ. "ಮಖಮಲ್ಲಿಗೆ ಮುಖದ ಮೇಲೆ ಇಸ್ತ್ರಿ ಇಡೋ ಹಾಗೇ ಇಲ್ಲ. ಬೆನ್ನಿನ ಕಡೆಯಿಂದ ಆವಿ ತೋರಿಸ್ಬೇಕು ಅಷ್ಟೆ. ಮುದುಕಪ್ಪನ ಹೊಗೆ ವಾಸನೆ ಬಟ್ಟೆಗೆ ಹತ್ತುತ್ತೆ ಅಂತ ನನಗೂ ಅವರಿಗೂ ದಿನಾ ಜಗಳ, ನಿಜ. ಹಾಗಂತ ಅವರು ಊರು ಬಿಡಲಿ ಅಂತ ನಾನು ಬಯಸಿಲ್ಲ."

ಟೈಲರಮ್ಮ ಹೇಳಿದ್ದು ಇಷ್ಟು. ನಿನ್ನೆ ಸಂಜೆ ಅವಳು ರಾಣಿಯ ಅಳತೆ ಸರಿಮಾಡಲು ನಾಟಕ ಮಂದಿರಕ್ಕೆ ಹೋಗಿದ್ದಳು. ತಾತ ಹಲ್ಲುನೋವಿನ ಮಾತ್ರೆ ನುಂಗಿ ಒಳಗೆ ಮಲಗಿದ್ದ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತಿದ್ದರು. ಬಿಟ್ಟುಹೋದ ಶಾಲು ತೆಗೆದುಕೊಳ್ಳಲು ನಡುವೆ ಮಹಾರಾಜ ಬಂದು ಹೋಗಿದ್ದ.

"ನನಗೆ ಕೆಂಪು ಬಣ್ಣದ್ದು ಬೇಕಿತ್ತು, ನೇರಳೆ ಹೊಲಿದ್ರು" ಎಂದ ಮಹಾರಾಜ, ಯಾರೂ ಕೇಳದಿದ್ದರೂ. ಈ ಮಾತು ಕಾಂಪೌಂಡರನ ಕಿವಿ ನೆಟ್ಟಗಾಗಿಸಿತು.

ಟೈಲರಮ್ಮ ಬಂದವರಿಗೆಲ್ಲ ಚಹಾ ತಂದಳು. ಇಸ್ತ್ರಿ ಅಣ್ಣ ಗಟಗಟನೆ ಕುಡಿದು ಇನ್ನೊಂದು ಲೋಟ ಕೇಳಿದ. ಮಹಾರಾಜ ಆಟದ ದಿನ ಗಂಟಲಿಗೆ ಚಹಾ ಆಗುವುದಿಲ್ಲ ಎಂದ. ಮೇಷ್ಟ್ರ ಕಪ್ಪಿನ ಮೇಲೆ ಆಗಲೇ ಕೆನೆ ಕಟ್ಟಿತ್ತು. ಅವರು ಇನ್ನೂ ಊದುತ್ತಲೇ ಇದ್ದರು.

"ಅಕ್ಕ, ಮಹಾರಾಜನೇ" ಎಂದು ಕಾಂಪೌಂಡರ್ ಪಿಸುಗುಟ್ಟಿದ. "ಬಣ್ಣ ಹಿಡಿಸಲಿಲ್ಲ, ಸುಟ್ಟ."

"ಸುಟ್ಟುಕೊಂಡು ರಾತ್ರಿ ಬನಿಯನ್ನಿನಲ್ಲಿ ರಾಜ್ಯ ಆಳ್ತಾನಾ? ಹೋಗು, ತಾತನ್ನ ಕರ್ಕೊಂಡು ಬಾ."

ತಾತ ಬಂದು ತನ್ನ ಎಂದಿನ ಕುರ್ಚಿಯಲ್ಲಿ ಕೂರದೆ ಬಾಗಿಲಲ್ಲೇ ನಿಂತ. ಸೊಸೆ ಅವನ ಮುಖ ನೋಡಲಿಲ್ಲ. ಡಾಕ್ಟರಮ್ಮ ಕತ್ತರಿಸುವ ಮೇಜಿಗೆ ಒರಗಿಕೊಂಡಳು.

"ಎಲ್ಲರೂ ಒಂದು ಸಲ ನಾಲಿಗೆ ಚಾಚಿ" ಎಂದಳು.

ಅಂಗಡಿಯಲ್ಲಿ ಗುಸುಗುಸು ಆಯಿತು. ಇಸ್ತ್ರಿ ಅಣ್ಣ ಲೋಟ ಕೆಳಗಿಟ್ಟು ಚಾಚಿದ. ಮಹಾರಾಜ ಇಡೀ ಸಭಾಂಗಣಕ್ಕೆ ತೋರಿಸುವವನಂತೆ ಚಾಚಿದ. ಟೈಲರಮ್ಮ ಅಷ್ಟು ದುಃಖದಲ್ಲೂ ತುದಿ ತೋರಿಸಿದಳು. ಯಾರೂ ಹೇಳದಿದ್ದರೂ ಕಾಂಪೌಂಡರನೂ ಚಾಚಿದ. ಮೇಷ್ಟ್ರು ಮಾತ್ರ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಇರಲಿ ಬಿಡಿ ಮೇಷ್ಟ್ರೇ, ನಾನೇ ಹೇಳ್ತೀನಿ" ಎಂದಳು ಡಾಕ್ಟರಮ್ಮ. "ತಾತ ನಿನ್ನೆ ಪೈಪು ಸೇದಿಲ್ಲ. ಅವರ ಗಾಯವೇ ಸಾಕ್ಷಿ. ಹೆಚ್ಚಿಟ್ಟ ಸೊಪ್ಪು ಬಸಿಯಲ್ಲಿ ಹಾಗೇ ಇದೆ, ಅದೂ ಸಾಕ್ಷಿ. ಹಲ್ಲು ಕಿತ್ತ ಮೇಲೆ ಸೇದಬಾರದು ಅಂತ ನಾನು ಹೇಳಿದ್ದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಪೈಪು ತುಂಬಿದವರು ಬಸಿ ಕಡೆ ನೋಡಲೇ ಇಲ್ಲ. ಅಚ್ಚಿನ ಮೂಲೆ ಕಿತ್ತು ಹಸಿಹಸಿಯಾಗಿ ತುರುಕಿದ್ರು. ಅದು ಹತ್ತಲಿಲ್ಲ. ಕಡ್ಡಿ ಮೇಲೆ ಕಡ್ಡಿ ಗೀರಿ, ದಮ್ಮು ಕಟ್ಟಿ ಎಳೆದ್ರು. ಸೊಪ್ಪು ಸುಡಲಿಲ್ಲ, ನಾಲಿಗೆ ಸುಟ್ಟಿತು."

"ಹಾಗಾದ್ರೆ ತೂತು?" ಎಂದಳು ಟೈಲರಮ್ಮ.

"ಆರಿಹೋದ ಪೈಪು ಬಟ್ಟೆ ಸುಡಲ್ಲ. ಮೊದಲು ಸುಟ್ಟಿದ್ದು ಇಸ್ತ್ರಿಪೆಟ್ಟಿಗೆಯ ಮೂತಿ. ಹೊಳಪಿನ ಆಕಾರ ನೀನೇ ನೋಡು. ಮಖಮಲ್ಲಿನ ಮುಖಕ್ಕೆ ಇಸ್ತ್ರಿ ಇಡೋದು ಬಟ್ಟೆ ಗೊತ್ತಿಲ್ಲದವರು. ನೀನು ಇಡಲ್ಲ, ಅಣ್ಣ ಇಡಲ್ಲ. ಮಹಾರಾಜರ ನಾಲಿಗೆ ಗುಲಾಬಿ ಹೂವಿನ ಹಾಗಿದೆ. ಇಸ್ತ್ರಿ ಗುರುತು ಕಾಣಬಾರದು ಅಂತ ಅದರ ನಡುವೆ ಉರಿಯೋ ಬೆಂಕಿಕಡ್ಡಿಯಿಂದ ತೂತು ಮಾಡಿ, ಮೇಲೆ ಪೈಪು ಇಟ್ಟಿದ್ದಾರೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ."

ಮೇಷ್ಟ್ರು ಕರವಸ್ತ್ರ ಕೆಳಗಿಳಿಸಿದರು. "ನೀನು ವಾರದಿಂದ ಸರಿಯಾಗಿ ಮಲಗಿರಲಿಲ್ಲ" ಎಂದರು ಹೆಂಡತಿಗೆ. ಸುಟ್ಟ ನಾಲಿಗೆಯಿಂದ ಮಾತು ಮೆತ್ತಗೆ ಬರುತ್ತಿತ್ತು. "ಬರೋದ್ರೊಳಗೆ ಇಸ್ತ್ರಿ ಮಾಡಿಟ್ಟಿದ್ರೆ ಖುಷಿ ಪಡ್ತೀಯ ಅಂದ್ಕೊಂಡೆ. ಹೊಗೆ ಬಂತು. ಕೈಕಾಲು ಆಡಲಿಲ್ಲ. ಅಪ್ಪನಿಗಾದ್ರೆ ಎರಡು ಮಾತು ಬೈದು ಸುಮ್ಮನಾಗ್ತೀಯ ಅಂತ... ಬೆಳಗ್ಗೆ ನೀನು ಹಾಗಂದಾಗ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ."

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಿ" ಎಂದ ಇಸ್ತ್ರಿ ಅಣ್ಣ, ತಡೆಯಲಾರದೆ.

ಮಹಾರಾಜ ಮೊದಲು ನಕ್ಕ, ಕಾಂಪೌಂಡರ್ ಆಮೇಲೆ. ಟೈಲರಮ್ಮ ನಗಲಿಲ್ಲ. ಅವಳು ಗಂಡನನ್ನು ಒಂದು ಸಲ ನೋಡಿದ ನೋಟಕ್ಕೆ ಇನ್ನೊಂದು ನಿಲುವಂಗಿ ಸುಡಬಹುದಿತ್ತು. ಆದರೆ ಬೈಯಲು ಬಾಯಿ ತೆರೆದವಳು ಬಾಗಿಲ ಕಡೆ ತಿರುಗಿದಳು.

"ಮಾವ, ನಿಮ್ಮ ಪೈಪು ಯಾರೋ ತುಂಬಿದ್ದಾರೆ ಅಂತ ನಿಮಗೆ ಬೆಳಗ್ಗೆಯೇ ಗೊತ್ತಾಗಿತ್ತು, ಅಲ್ವಾ?"

"ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು. ಅಂಥ ದಡ್ಡ ಕೆಲಸ ಮಾಡೋನು ಮನೇಲಿ ಒಬ್ಬನೇ."

"ಗೊತ್ತಿದ್ದೂ ಯಾಕೆ ಹೊರಟ್ರಿ? ಒಂದು ಮಾತು ಹೇಳಬಾರದಿತ್ತಾ? ನಿಮ್ಮನ್ನ ಏನೇನೋ ಅಂದ್ಬಿಟ್ಟೆನಲ್ಲ ನಾನು."

ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿ ನಿಂತಳು. ಈ ಒಂದು ಉತ್ತರ ಮಾತ್ರ ಅವಳಿಗೂ ಪತ್ತೆಯಾಗಿರಲಿಲ್ಲ ಎಂದು ಕಾಂಪೌಂಡರನಿಗೆ ತಿಳಿಯಿತು.

"ನೋಡಮ್ಮ," ಎಂದ ತಾತ, "ನಾನು ಹೋದ್ರೆ ನೀನು ಎಂಟು ದಿನಕ್ಕೆ ವಾಪಸ್ ಕರೆಸ್ಕೊಳ್ತೀಯ ಅಂತ ನನಗೆ ಗೊತ್ತಿತ್ತು. ಅವನನ್ನ ಹೊರಗೆ ಹಾಕಿದ್ರೆ ಕರೀತೀಯೋ ಇಲ್ಲವೋ, ಅದು ನನಗೆ ಗ್ಯಾರಂಟಿ ಇರಲಿಲ್ಲ."

ಟೈಲರಮ್ಮನಿಗೆ ಅಳು ಮತ್ತು ನಗು ಒಟ್ಟಿಗೇ ಬಂದವು. ಅವಳು ಮಾವನ ಕೈ ಹಿಡಿದು ಕರೆತಂದು ಅವನ ಕುರ್ಚಿಯಲ್ಲಿ ಕೂರಿಸಿದಳು. ನಿಲುವಂಗಿಯ ಅಂಚಿಗೆ ಸುತ್ತಲೂ ಅಗಲವಾದ ಜರಿಪಟ್ಟಿ ಹಚ್ಚಿದರೆ ತೂತು ಮುಚ್ಚುತ್ತದೆ ಎಂದು ಆಗಲೇ ಅವಳ ಕಣ್ಣು ಅಳೆಯುತ್ತಿತ್ತು. ಜರಿ ಎಂದ ಕೂಡಲೇ ಮಹಾರಾಜ ಕೆಂಪು ಬಣ್ಣವನ್ನು ಮರೆತುಬಿಟ್ಟ.

"ಎಂಟು ದಿನ ಯಾಕೆ ಮಾವ," ಎಂದಳು ಅವಳು, ಬಟ್ಟೆಯ ಒಂದು ತುದಿಯನ್ನು ಅವನ ಮಡಿಲಿಗೆ ಹಾಕುತ್ತಾ, "ರಾತ್ರಿ ಊಟದ ಹೊತ್ತಿಗೇ ಕರೆಸ್ಕೊಳ್ತಿದ್ದೆ. ಗಟ್ಟಿಯಾಗಿ ಹಿಡ್ಕೊಳ್ಳಿ."

"ಮತ್ತೆ ನನ್ನನ್ನು?" ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ. ಅವರು ಮೇಜಿನ ಆ ಕಡೆ ಕೂತು, ಸೂಜಿಗಳಿಗೆ ಒಂದೊಂದಾಗಿ ದಾರ ಪೋಣಿಸಿ ಕೊಡತೊಡಗಿದರು.