ಕೊಂಬಿನ ಏಳು ಉಂಗುರ

"ಐದೇ ಇದೆಯಲ್ರೀ!" ಎಂದಳು ಮಾರೆನ್.

ಟಗರಿನ ಕೊಂಬಿನ ಮೇಲೆ ಬೆರಳೋಡಿಸುತ್ತ ಅವಳು ಎರಡನೇ ಸಲ ಎಣಿಸುತ್ತಿದ್ದಳು. ವರ್ಷಕ್ಕೊಂದು ಉಂಗುರ, ಕುರಿ ಸಾಕುವವರಿಗೆಲ್ಲ ಗೊತ್ತಿರುವ ಲೆಕ್ಕ. ನಾನು ಟಗರಿನ ಕತ್ತು ಹಿಡಿದು ಕೂತಿದ್ದೆ. ಅವಳ ಕೂದಲು ನನ್ನ ಕೆನ್ನೆಗೆ ತಾಗುವಷ್ಟು ಹತ್ತಿರವಿತ್ತು, ಹಸಿ ಜೇಡಿಮಣ್ಣಿನ ವಾಸನೆ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಸುಳ್ಳು ಹೇಳಿದೆ.

"ಒಂಬತ್ತು ಇರತ್ತೆ. ಬುಡದಲ್ಲಿ ಒತ್ತೊತ್ತಾಗಿ ಬಂದಿರತ್ತೆ, ಕಾಣಲ್ಲ. ಮೇಜರ್‌ಗೆ ಒಂಬತ್ತು ವರ್ಷ ಅಂತ ಇಡೀ ಊರಿಗೇ ಗೊತ್ತು."

ಅವಳು ಕಣ್ಣು ಕಿರಿದು ಮಾಡಿ ಕೊಂಬನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಏನ್ರೀ ವರ್ಲಿನ್, ನಾನು ಕುರಿ ರಾಂಚಲ್ಲೇ ಹುಟ್ಟಿದೋಳು."

"ಅಲ್ಲಿ ಲೆಕ್ಕ ಹೇಳ್ಕೊಡ್ಲಿಲ್ಲ ಅಂತ ಕಾಣತ್ತೆ," ಎಂದೆ. ಪಾಪ, ನಕ್ಕುಬಿಟ್ಟಳು.

ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹಕಲ್‌ಬೆರಿ ಹಣ್ಣಿನ ಪೈ ಹಿಡಿದು ಬಂದಳು. "ತಪ್ಪು ನಂದೇ ಕಣ್ರೀ. ಕನ್ನಡಕ ಬದಲಾಯಿಸ್ಬೇಕು. ಜೇಡಿಮಣ್ಣಿನ ಕೊಂಬಲ್ಲಿ ಒಂಬತ್ತೂ ಉಂಗುರ ಮಾಡಿದೀನಿ." ನಾನು ಪೈ ತೆಗೆದುಕೊಂಡೆ, ನಿಜ ಹೇಳಲಿಲ್ಲ.

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಅದು ಮೇಜರ್ ಆಗಿರಲೇ ಇಲ್ಲ.

ಮೇಜರ್ ನಮ್ಮ ಯೂನಿವರ್ಸಿಟಿಯ ಟಗರು, ಅದನ್ನು ಸಾಕುವ ಕೆಲಸ ನನ್ನದು. ಪ್ರತಿ ಫುಟ್‌ಬಾಲ್ ಆಟಕ್ಕೂ ನೀಲಿ ಕಂಬಳಿ ಹೊದ್ದು ತಂಡದ ಮುಂದೆ ಮೈದಾನಕ್ಕೆ ಇಳಿಯುತ್ತಿತ್ತು. ಒಂದು ಚಳಿಗಾಲ ಇದನ್ನೂ ಕರೆದೊಯ್ಯುತ್ತಿದ್ದ ತಂಡದ ಬಸ್ಸು ಹಿಮಬಿರುಗಾಳಿಯಲ್ಲಿ ಸಿಕ್ಕಿಕೊಂಡಾಗ, ಕಣ್ಣೆದುರಿನ ಕೈ ಕಾಣದ ದಾರಿಯಲ್ಲಿ ಹುಡುಗರನ್ನೆಲ್ಲ ಹತ್ತಿರದ ಕುರಿದೊಡ್ಡಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದೂ ಅದೇ. ಆ ಹುಡುಗರೇ ಈಗ ದೊಡ್ಡವರಾಗಿ ಕಂಚಿನ ಪ್ರತಿಮೆ ಮಾಡಿಸಲು ಹೊರಟಿದ್ದರು. ಶಿಲ್ಪಿಯಾಗಿ ಆಯ್ಕೆಯಾದವಳು ಮಾರೆನ್ ಓಸ್ಟ್ಬಿ.

ಎರಡು ವರ್ಷದ ಹಿಂದೆ, ಗೆದ್ದ ಒಂದು ಶನಿವಾರ, ಫೋಟೋ ತೆಗೆಸಿಕೊಳ್ಳುವ ಸಂಭ್ರಮದಲ್ಲಿ ನಾನು ಕೊಟ್ಟಿಗೆಯ ಅಗಳಿ ಹಾಕುವುದನ್ನು ಮರೆತೆ. ಮೇಜರ್ ಹೊರಗೆ ಹೋಗಿ ಅಂಗಳದ ಬೇಲಿಯ ವಿಷದ ಗಿಡ ಮೇಯ್ದಿತು. ಭಾನುವಾರ ಬೆಳಿಗ್ಗೆ ಹೋದರೆ ಕಾಲು ಚಾಚಿ ಬಿದ್ದಿತ್ತು. ನಾನು ಯಾರಿಗೂ ಹೇಳಲಿಲ್ಲ. ಅದನ್ನು ಹೂತು, ವಯೋಮಿಂಗ್‌ನ ರಾಂಚೊಂದರಿಂದ ಅದೇ ಮುಖದ ಇನ್ನೊಂದು ಟಗರು ತಂದು ನೀಲಿ ಕಂಬಳಿ ಹೊದಿಸಿದೆ. ಎಲ್ಲರೂ ಅದನ್ನೇ ತಬ್ಬಿಕೊಂಡು ಮೇಜರ್ ಮೇಜರ್ ಎಂದರು. ಹೇಡಿ ನಾನು, ಪಕ್ಕದಲ್ಲಿ ನಿಂತು ಹಲ್ಲು ಕಿರಿದೆ.

ಆ ವಸಂತಕಾಲವೆಲ್ಲ ಮಾರೆನ್ ದಿನಾ ಬಂದಳು. ಅಳತೆ ಮುಗಿದ ಮೇಲೂ ಬಂದಳು. "ಮೂಗಿನ ಹೊಳ್ಳೆ ಇನ್ನೊಂದ್ಸಲ ನೋಡ್ಬೇಕು," ಎನ್ನುತ್ತ ಟಗರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. 'ನೀವು' ಹೋಗಿ 'ನೀನು' ಯಾವಾಗ ಬಂತೋ ಇಬ್ಬರಿಗೂ ತಿಳಿಯಲಿಲ್ಲ. ಅವಳ ಕೆನ್ನೆಗೆ ಮಣ್ಣು ಮೆತ್ತಿದ್ದರೆ ಒರೆಸಲು ನನ್ನ ಕೈ ಏಳುತ್ತಿತ್ತು. ಆ ಐದು ಉಂಗುರ ನೆನಪಾಗಿ ಹಾಗೇ ಇಳಿಯುತ್ತಿತ್ತು.

ಒಂದು ಶುಕ್ರವಾರ ಅವಳೇ ಕೇಳಿದಳು. "ಒಂದು ವಾರದಿಂದ ಬಾಯಿ ತೆಗೀತೀಯ, ಮುಚ್ತೀಯ. ಏನದು? ಹೇಳಿಬಿಡು ಮಾರಾಯ, ನಾನೇನು ಬೇಡ ಅಂತೀನಾ?"

ಅವಳ ಕಿವಿ ಕೆಂಪಾಗಿತ್ತು. ಅವಳು ಯಾವ ಮಾತಿಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇದು ಮೇಜರ್ ಅಲ್ಲ," ಎಂದೆ. "ನೀನು ಎಣಿಸಿದ್ದೇ ಸರಿ. ಐದೇ."

ಪೂರ್ತಿ ಹೇಳಿದೆ, ಅಗಳಿಯಿಂದ ಹಿಡಿದು ವಯೋಮಿಂಗ್‌ವರೆಗೆ.

"ಟಗರು ಸತ್ತಿದ್ದಕ್ಕೆ ನಾನು ಕ್ಷಮಿಸ್ತಿದ್ದೆ ಕಣೋ," ಎಂದಳು. "ಅಗಳಿ ಯಾರು ಬೇಕಾದ್ರೂ ಮರೀತಾರೆ. ಆದ್ರೆ ನನ್ನ ಕಣ್ಣನ್ನೇ ನಾನು ನಂಬದ ಹಾಗೆ ಮಾಡ್ದೆಯಲ್ಲ! ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ ಗೊತ್ತಾ? ನಿಂಗೆ ಪೈ ಬೇರೆ ಮಾಡ್ಕೊಂಡು ಬಂದೆ, ಥೂ!"

"ಮಾರೆನ್..."

"ನಾಳೆ ಪ್ರತಿಮೆ ಕಮಿಟಿಯೋರು ಮಣ್ಣಿನ ಮಾದರಿ ನೋಡೋಕೆ ಬರ್ತಾರೆ. ನಾನು ಬಾಯಿ ಬಿಡಲ್ಲ. ಹೇಳೋದು, ಬಿಡೋದು ನಿಂಗೆ ಸೇರಿದ್ದು."

ಶನಿವಾರ ಅವಳ ಕಾರ್ಯಾಗಾರದಲ್ಲಿ ಯೂನಿವರ್ಸಿಟಿಯ ಡೀನ್ ಪ್ರಿಚರ್ಡ್ ಇದ್ದರು, ಬಸ್ಸಿನ ಹುಡುಗರಲ್ಲಿ ಹನ್ನೊಂದು ಮಂದಿ ಹೆಂಡತಿ ಮಕ್ಕಳ ಸಮೇತ ಬಂದಿದ್ದರು. "ಅದೇ ಮುಖ! ಅದೇ ಗತ್ತು!" ಎಂದು ಅವರಲ್ಲೊಬ್ಬ ಮಣ್ಣಿನ ಟಗರಿನೆದುರು ಕಣ್ಣೊರೆಸಿಕೊಂಡ. ಅದನ್ನು ನೋಡಿದ ಮೇಲೆ ಹೇಳದೆ ಇರಲು ಆಗಲಿಲ್ಲ. ಮಧ್ಯೆ ನಿಂತು ಹೇಳಿದೆ. ಯಾರೂ ಬೈಯಲಿಲ್ಲ, ಅದಕ್ಕೇ ಇನ್ನೂ ನಾಚಿಕೆಯಾಯಿತು. ಕಣ್ಣೊರೆಸಿಕೊಂಡವನು ಮಗಳ ಕೈ ಹಿಡಿದು ಹೊರಗೆ ನಡೆದ. ಡೀನ್ ಮಾತ್ರ, "ಕೊಟ್ಟಿಗೆ ಬೀಗದ ಕೈ ಕೊಟ್ಟು ಹೋಗಪ್ಪ," ಎಂದರು.

ಎಲ್ಲರೂ ಹೋದರು. ನಾನು ಟ್ರಕ್ಕಿನಿಂದ ಹಳೆಯ ನೀಲಿ ಕಂಬಳಿಯ ಗಂಟು ತಂದು ಮಾರೆನ್‌ಳ ಮೇಜಿನ ಮೇಲಿಟ್ಟೆ. ಬಿಚ್ಚಿದಳು. ಮೇಜರ್‌ನ ಕೊಂಬುಗಳು.

"ಇದನ್ನು ಮಾತ್ರ ಹೂಳೋಕೆ ಮನಸ್ಸು ಬರ್ಲಿಲ್ಲ," ಎಂದೆ. "ನಿಂಗೆ ಬೇಕಾಗತ್ತೆ ಅನ್ನಿಸ್ತು. ಬರ್ತೀನಿ."

"ನಿಂತ್ಕೋ."

ಅವಳು ಮಣ್ಣು ಕೊಯ್ಯುವ ತಂತಿ ತೆಗೆದುಕೊಂಡು ಮಣ್ಣಿನ ಟಗರಿನ ಎರಡೂ ಕೊಂಬು ಕೊಯ್ದು ಕೆಳಗೆ ಹಾಕಿದಳು. ಒಂದು ತಿಂಗಳ ಕೆಲಸ. ಆಮೇಲೆ ಮೇಜರ್‌ನ ಕೊಂಬನ್ನು ನನ್ನ ಕಡೆ ತಳ್ಳಿದಳು.

"ಎಣಿಸು."

"ಮಾರೆನ್, ನನ್ನ ಲೆಕ್ಕ ನೀನು ಹೇಗೆ ನಂಬ್ತೀ..."

"ಎಣಿಸು ಅಂದೆ. ಜೋರಾಗಿ."

ತುದಿಯಿಂದ ಬೆರಳಿಟ್ಟು ಎಣಿಸಿದೆ. ಆರಕ್ಕೆ ಬರುವಾಗ ಕಣ್ಣು ಮಂಜಾಯಿತು. "ಏಳು," ಎಂದೆ. ಮೇಜರ್ ಸತ್ತಾಗ ಅದಕ್ಕೆ ಅಷ್ಟೇ ವರ್ಷ.

ಅವಳು ತಾನೂ ಒಮ್ಮೆ ಎಣಿಸಿದಳು. ಅವಸರ ಮಾಡಲಿಲ್ಲ.

"ಏಳೇ," ಎಂದಳು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಬಕೆಟ್ಟಿನಿಂದ ಹಸಿ ಮಣ್ಣಿನ ಮುದ್ದೆ ತೆಗೆದು ನನ್ನ ಕೈಗೆ ಹಾಕಿದಳು. "ಹೆಂಗೂ ಕೆಲಸ ಹೋಯ್ತಲ್ಲ. ಕೂತ್ಕೊಂಡು ಮಣ್ಣು ನಾದು. ಪೈ ಗೀ ಏನೂ ಸಿಗಲ್ಲ."

ನಾನು ಅಂಗಿಯ ತೋಳು ಮಡಚಿ ನಾದಲು ಕೂತೆ.